ಎಸೆದ ಸದ್ದು

ಜೂನ್ 3, ಸೋಮವಾರ

ಪುಸ್ತಕ ಕೇಳಿಸುವ ಹೊಸ ಪೆಟ್ಟಿಗೆಗಳು ಬಂದವು, ನಾನೂರು. ಕಣ್ಣು ಕಾಣದವರು ತಡವಿಯೇ ನಡೆಸಬಹುದಾದ ದಪ್ಪ ಗುಂಡಿಗಳು, ಹಿಡಿದರೆ ಅಂಗೈ ತುಂಬುವ ಗಾತ್ರ. ನಮ್ಮ ಕೇಳುಪುಸ್ತಕಗಳ ಗ್ರಂಥಾಲಯಕ್ಕೆ ದಾನವಾಗಿ ಬಂದದ್ದು. ಎರಡು ವರ್ಷದಿಂದ ಹಳೆಯ ಪೆಟ್ಟಿಗೆಗಳು ಒಂದೊಂದಾಗಿ ಕೈಕೊಡುತ್ತಿದ್ದವು, ಕೇಳುಗರು ದಿನಾ ಫೋನು ಮಾಡಿ "ನಮ್ಮ ಸರದಿ ಯಾವಾಗ?" ಎನ್ನುತ್ತಿದ್ದರು. ಇಂದು ಕಚೇರಿಯಲ್ಲಿ ಮದುವೆ ಮನೆಯ ಗಲಾಟೆ.

ಒಂದನ್ನು ಬಿಚ್ಚಿ ನಮ್ಮ ಪುಸ್ತಕವೊಂದನ್ನು ಹಾಕಿದೆ. ಒಳಗಿನಿಂದ ಒಂದು ಹೆಣ್ಣುದನಿ, "ಈ ಕಡತ ನನಗೆ ಗೊತ್ತಿಲ್ಲ" ಎಂದಿತು. ಇನ್ನೊಂದು ಹಾಕಿದೆ. "ಈ ಕಡತ ನನಗೆ ಗೊತ್ತಿಲ್ಲ." ಹನ್ನೊಂದು ಪುಸ್ತಕ ಹಾಕಿದೆ, ಹನ್ನೊಂದು ಸಲವೂ ಅದೇ ಪಾಠ. ಗಲಾಟೆ ತಣ್ಣಗಾಯಿತು.

ನಮ್ಮ ಎರಡು ಸಾವಿರದ ನೂರು ಪುಸ್ತಕಗಳೂ ಓಗ್ ಎಂಬ ಬಗೆಯ ಕಡತಗಳಲ್ಲಿವೆ. ಪೆಟ್ಟಿಗೆಗೆ ತಿಳಿದಿರುವುದು ಎಲ್ಲರ ಬಾಯಲ್ಲಿರುವ ಎಂಪಿ3 ಒಂದೇ. ಮೇಲ್ವಿಚಾರಕಿ ನನ್ನನ್ನು ಕರೆದರು. "ಎಲ್ಲಾನೂ ಎಂಪಿ3 ಮಾಡಿಬಿಡು. ಆದಷ್ಟು ಚಿಕ್ಕದು ಮಾಡು, ಒಂದೇ ಕಾರ್ಡಲ್ಲಿ ಜಾಸ್ತಿ ಹಿಡಿಸಲಿ. ಆಗಸ್ಟ್ ಮುಗಿಯೋದ್ರೊಳಗೆ ಜನರ ಕೈ ಸೇರ್ಬೇಕು." ಅವರ ಆತುರ ನ್ಯಾಯವೇ.

ಜೂನ್ 5, ಬುಧವಾರ

ಕ್ರಮ ಹೀಗೆ: ಬದಲಿಸು, ಹಳೆಯದನ್ನು ಅಳಿಸು, ಜಾಗ ಉಳಿಸು. ಇಂದು ಹದಿನಾಲ್ಕು ಪುಸ್ತಕ ಮುಗಿಸಿದೆ. ಒಂದೊಂದು ಅಳಿಸಿದಾಗಲೂ ಪಾತ್ರೆ ತೊಳೆದು ಬೋರಲು ಹಾಕಿದಂತೆ ಹಾಯೆನಿಸಿತು.

ನನ್ನ ಮಾಮೂಲಿ ಕೆಲಸ, ಓದುಗರು ಓದಿದ್ದನ್ನು ಪುಸ್ತಕ ಹಿಡಿದು ಕೇಳಿ ತಪ್ಪು ಗುರುತು ಹಾಕುವುದು. ಹದಿನೆಂಟು ವರ್ಷದಿಂದ ಇದೇ. ಕೇಳುಗರು ನನ್ನನ್ನು ಕಿವಿಯಮ್ಮ ಎನ್ನುತ್ತಾರೆ.

ಓಗ್ ಆರಿಸಿದವರು ಐದು ವರ್ಷದ ಹಿಂದೆ ಕೆಲಸ ಬಿಟ್ಟುಹೋದ ಧ್ವನಿ ತಂತ್ರಜ್ಞರು. ನನ್ನ ಒಡಹುಟ್ಟಿದ ಅಣ್ಣ. ಇದೇ ಊರಿನಲ್ಲಿದ್ದಾರೆ, ಎರಡು ಬಸ್ಸು ಬದಲಿಸಿದರೆ ಅವರ ಮನೆ. ಮಾತಿಲ್ಲ, ಕತೆಯಿಲ್ಲ. ಆಗ ಸಭೆಯಲ್ಲಿ ಒಂದು ನಿರ್ಣಯ ಬಂತು: ಮೂಲ ಧ್ವನಿಮುದ್ರಣಗಳು ಬಹಳ ಜಾಗ ತಿನ್ನುತ್ತವೆ, ಓಗ್ ಪ್ರತಿ ಇದೆಯಲ್ಲ, ಮೂಲವನ್ನು ಅಳಿಸೋಣ. ಅವರು ಎದ್ದು ನಿಂತು ಬೇಡವೆಂದರು. ನಡಾವಳಿ ಬರೆಯುತ್ತಿದ್ದವಳು ನಾನು. 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ಬರೆಯಲು ಹೇಳಿದರು, ಬರೆದೆ. ಎಲ್ಲ ನಡಾವಳಿಯಲ್ಲೂ ಹಾಗೇ ಬರೆಯುವುದು. ಅದೊಂದು ಪದಕ್ಕೆ ಕೆಲಸ ಬಿಡುವುದೇ? ತಂಗಿಯನ್ನೂ ಬಿಡುವುದೇ?

ಅವರ ಸೂಚನೆಗಳ ನೋಟುಪುಸ್ತಕ ಬೀರುವಿನಲ್ಲಿ ಸಿಕ್ಕಿತು. ಮೊದಲ ಪುಟದಲ್ಲಿ: "ಓಗ್ ಯಾರಪ್ಪನ ಮನೆ ಸ್ವತ್ತೂ ಅಲ್ಲ. ಬಳಸಲು, ತಿದ್ದಲು, ಅದನ್ನು ನುಡಿಸುವ ತಂತ್ರಾಂಶ ಬರೆಯಲು ಯಾರ ಅಪ್ಪಣೆಯೂ ಬೇಡ." ಅದರ ಕೆಳಗೆ ಕೆಂಪು ಶಾಯಿಯಲ್ಲಿ: "ಎಚ್ಚರ! ಇದು ಕಳೆದುಕೊಳ್ಳುವ ಬಗೆ."

ಕಳೆದುಕೊಳ್ಳುವುದೆಂದರೆ ಏನನ್ನು?

ಜೂನ್ 7, ಶುಕ್ರವಾರ

ಹತ್ತು ಪುಸ್ತಕ. ಬೆನ್ನು ನೋವು.

ಜೂನ್ 14, ಶುಕ್ರವಾರ

ಮೂವತ್ತೆಂಟು ಪುಸ್ತಕಗಳ ಮೊದಲ ಕಂತನ್ನು ಐದು ಮಂದಿಗೆ ಪರೀಕ್ಷೆಗೆಂದು ಕಳಿಸಿದ್ದೆ. ಇಂದು ಫೋನಜ್ಜ ಕರೆ ಮಾಡಿದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಲೈನು ಜೋಡಿಸುತ್ತಿದ್ದವರು, ಹುಟ್ಟಿನಿಂದ ಕಣ್ಣಿಲ್ಲ.

"ಕಿವಿಯಮ್ಮಾ, ನಮ್ಮ ಕಂಡಕ್ಟರಮ್ಮನಿಗೆ ಹಲ್ಲು ಬಿದ್ದುಹೋದ್ವಾ?"

"ಯಾಕಜ್ಜ?"

"ಬೇಜಾರು ಮಾಡ್ಕೋಬೇಡ. 'ಶಾಲೆ' ಅನ್ನೋದು 'ಸ್ಸಾಲೆ' ಅಂತ ಬರ್ತಿದೆ. ಬಾಯಲ್ಲಿ ನೀರಿಟ್ಕೊಂಡು ಓದಿದ ಹಾಗಿದೆ. ಒಂದು ಹಲ್ಲಿನ ಸೆಟ್ಟು ಕಟ್ಟಿಸಿಕೊಡಿ ಪಾಪ."

ನಕ್ಕೆ. ಫೋನು ಇಟ್ಟಮೇಲೆ ನಗು ಬರಲಿಲ್ಲ. ಕಂಡಕ್ಟರಮ್ಮ ಬಸ್ಸಿನಲ್ಲಿ ದುಡಿದು ನಿವೃತ್ತರಾದವರು. ಕೊನೆಯ ಸೀಟಿಗೂ ಮುಟ್ಟುವ ಆ ಕಂಚಿನ ಕಂಠದಲ್ಲಿ ನಮಗೆ ಅರವತ್ತನಾಲ್ಕು ಪುಸ್ತಕ ಓದಿಕೊಟ್ಟಿದ್ದಾರೆ. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ದನಿ ಹೋಯಿತು, ಪಿಸುಮಾತು ಮಾತ್ರ ಉಳಿದಿದೆ. ಇನ್ನೊಮ್ಮೆ ಓದಿಸೋಣವೆಂದರೆ ಆಗದು.

ಜೂನ್ 15, ಶನಿವಾರ

ರಜೆಯಿದ್ದರೂ ಹೋದೆ. ಇನ್ನೂ ಅಳಿಸದ ಒಂದು ಓಗ್ ಪುಸ್ತಕವನ್ನೂ ಅದರ ಎಂಪಿ3 ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ಕೇಳಿದೆ. ಮೊದಲ ಬಾರಿ ವ್ಯತ್ಯಾಸ ತಿಳಿಯಲಿಲ್ಲ. ಕಣ್ಣು ಮುಚ್ಚಿ ಕೇಳಿದೆ. ಅಜ್ಜ ಹೇಳಿದ್ದು ನಿಜ. ಸ, ಶ, ಚ, ಈ ಮೂರರ ಅಂಚು ಸವೆದಿದೆ. ಹಕಾರಗಳಂತೂ ಅರ್ಧ ಮಾಯ. ನಾವು ಮಾತಿನಲ್ಲಿ ತಿಂದುಹಾಕುವ ಹಕಾರಗಳನ್ನು ಕಂಡಕ್ಟರಮ್ಮ ಜೋಪಾನವಾಗಿ ಓದಿದ್ದರು, ಈಗ ಯಂತ್ರ ತಿಂದಿದೆ.

ಎಂಪಿ3 ಪ್ರತಿಯಿಂದ ಮತ್ತೆ ಓಗ್ ಮಾಡಿ, ಅದರಿಂದ ಮತ್ತೆ ಎಂಪಿ3 ಮಾಡಿದೆ. ಹೀಗೆ ಹತ್ತು ಸಲ. ಹತ್ತನೆಯದರಲ್ಲಿ ಕಂಡಕ್ಟರಮ್ಮ ಬಾವಿಯೊಳಗಿಂದ ಕೂಗುತ್ತಿದ್ದರು. ಒಂದು ಸಲಕ್ಕೆ ಇಷ್ಟು, ಹತ್ತು ಸಲಕ್ಕೆ ಇಷ್ಟು. ಆದರೆ ಮೊದಲ ಓಗ್ ಪ್ರತಿಯಲ್ಲೂ ಏನೋ ಹೋಗಿರಬೇಕಲ್ಲ? ಅದು ನನ್ನ ಕಿವಿಗೆ ಯಾಕೆ ಗೊತ್ತಾಗುತ್ತಿಲ್ಲ? ಊಟ ಮರೆತು ಮೂರು ಗಂಟೆಯವರೆಗೆ ಕೂತಿದ್ದೆ.

ಅಳಿಸಿದ ಆ ಮೂವತ್ತೆಂಟರ ಬಗ್ಗೆ ಬರೆಯಬೇಕು. ನಾಳೆ.

ಜೂನ್ 22, ಶನಿವಾರ

ಹೋದೆ. ಎರಡು ಬಸ್ಸು ಬದಲಿಸಿದೆ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಕೇಳುವುದರಲ್ಲಿ ಅವಮಾನವೇನು?

ಅವರು ಮನೆಯ ಮುಂಭಾಗದ ಕೋಣೆಯಲ್ಲೇ ಶ್ರವಣಯಂತ್ರ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದಾರೆ. ಗಾಜಿನ ಮೇಜು, ಕಡಲೆಕಾಳಿನಷ್ಟು ಚಿಕ್ಕ ಬ್ಯಾಟರಿಗಳು, ಹಣೆಗೆ ಕಟ್ಟಿಕೊಂಡ ಭೂತಗನ್ನಡಿ. ತಲೆ ಎತ್ತಿ ನೋಡಿ, "ಹೇಳಿ, ಏನಾಗ್ಬೇಕಿತ್ತು?" ಎಂದರು. ಗಿರಾಕಿಗೆ ಕೇಳುವ ಹಾಗೆ. ನಲವತ್ತಾರು ವರ್ಷದಲ್ಲಿ ನನಗೆ ಅವರು ಬಹುವಚನ ಹಚ್ಚಿದ್ದು ಇದೇ ಮೊದಲು. ನಾನೂ ಗಿರಾಕಿಯ ಹಾಗೆಯೇ ಕೂತು ಕೇಳಿದೆ: ಕಳೆದುಕೊಳ್ಳುವ ಬಗೆ ಎಂದರೇನು?

ಅಷ್ಟರಲ್ಲಿ ಒಳಗೆ ಅತ್ತಿಗೆಯ ಕುಕ್ಕರ್ ಕೂಗಿತು.

"ಈಗ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸ್ತಾ ನಿಮಗೆ?"

"ಇಲ್ಲ."

ಕುಕ್ಕರ್ ನಿಂತಿತು. "ಈಗ?"

"ಕೇಳಿಸ್ತಿದೆ."

"ಗಡಿಯಾರ ನಿಂತಿರಲಿಲ್ಲ. ದೊಡ್ಡ ಸದ್ದಿನ ಮಗ್ಗುಲಲ್ಲಿರೋ ಸಣ್ಣ ಸದ್ದನ್ನ ಕಿವಿ ಲೆಕ್ಕಕ್ಕೆ ತಗೊಳ್ಳಲ್ಲ. ಓಗ್ ಮಾಡೋದು ಇಷ್ಟೆ. ಹೇಗೂ ಕೇಳಿಸದ್ದನ್ನ ಹುಡುಕಿ ಎಸೆಯುತ್ತೆ. ಹತ್ತು ಪಾಲಿನ ಸಾಮಾನು ಒಂದು ಪಾಲಾಗುತ್ತೆ. ಕೇಳೋರಿಗೆ ನಷ್ಟವಿಲ್ಲ."

"ಹಾಗಾದ್ರೆ ಹಲ್ಲು ಯಾಕೆ ಬಿತ್ತು?"

ಫೋನಜ್ಜನ ಮಾತು ಹೇಳಿದೆ. ಅವರ ತುಟಿಯಂಚು ಸ್ವಲ್ಪ ಅಲುಗಿತು. "ಎಂಪಿ3 ಇನ್ನೊಂದು ಜರಡಿ. ಅದರ ತೂತೇ ಬೇರೆ. ಒಂದು ಜರಡಿಯಲ್ಲಿ ಉಳಿದಿದ್ದನ್ನ ಇನ್ನೊಂದಕ್ಕೆ ಹಾಕಿದ್ರೆ, ಬೇಕಾದ್ದೂ ಉದುರುತ್ತೆ. ಅದರ ಮೇಲೆ ಚಿಕ್ಕದು ಮಾಡು ಅಂದಿರ್ತಾರೆ ನಿಮ್ಮ ಮೇಡಮ್ಮು."

ಹೊರಡುವಾಗ, "ಎಸೆದ ಸದ್ದು ಹೇಗಿರುತ್ತೆ, ಕೇಳೋಕಾಗುತ್ತಾ?" ಎಂದೆ. ಭೂತಗನ್ನಡಿ ಮೇಲೆತ್ತಿ ನನ್ನನ್ನೇ ನೋಡಿದರು. ಆಮೇಲೆ ಒಂದು ಚೀಟಿಯ ಮೇಲೆ ಆರು ಸಾಲು ಬರೆದುಕೊಟ್ಟರು.

ಜೂನ್ 25, ಮಂಗಳವಾರ

ಕೇಳಿದೆ!

ಚೀಟಿಯಲ್ಲಿದ್ದಂತೆ ನನ್ನದೇ ಓದನ್ನು ಧ್ವನಿಮುದ್ರಿಸಿ, ಓಗ್ ಮಾಡಿ, ಮೂಲದಿಂದ ಓಗನ್ನು ಕಳೆದೆ. ಶಾಲೆಯ ವ್ಯವಕಲನದ ಹಾಗೆಯೇ, ಅಲೆಯಿಂದ ಅಲೆ ಕಳೆಯುವುದು. ಉಳಿದದ್ದೇ ಎಸೆದದ್ದು. ಬರೀ ಗೊರಗೊರ ಇರಬಹುದೆಂದುಕೊಂಡಿದ್ದೆ. ಅಲ್ಲ. ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಮುಚ್ಚಿಕೊಂಡು ನನ್ನ ಹಾಗೆಯೇ ಮಾತಾಡುತ್ತಿದ್ದಾರೆ! ಪದ ಹಿಡಿಯಲಾಗದು, ಆದರೆ ನಾನು ಎಲ್ಲಿ ನಿಲ್ಲಿಸಿದ್ದೆನೋ ಅವಳೂ ಅಲ್ಲೇ ನಿಲ್ಲಿಸುತ್ತಾಳೆ. ನಾನು ಒತ್ತಿ ಹೇಳಿದ ಕಡೆ ಅವಳ ಗದ್ದಲವೂ ಹೆಚ್ಚು.

ಕೊಳಲು ಬೇರೆ, ಗಂಟೆ ಬೇರೆ, ಚಪ್ಪಾಳೆ ಬೇರೆ. ಒಂದೊಂದನ್ನೂ ಹಾಕಿ ಕಳೆದು ನೋಡಿದೆ. ಚಪ್ಪಾಳೆಗೆ ಓಗ್ ತಿಣುಕಾಡುತ್ತದೆ. ಯಾಕೆ? ಕೇಳಬೇಕು. ಪ್ರಶ್ನೆಗಳನ್ನು ಪಟ್ಟಿ ಮಾಡಿದ್ದೇನೆ, ಹದಿನೇಳಾಗಿವೆ.

ಬದಲಿಸುವ ಕೆಲಸ ನಿಲ್ಲಿಸಿದ್ದೇನೆ. ಮೇಲ್ವಿಚಾರಕಿಗೆ ಹೇಳಿದೆ. "ಜನ ಕಾಯ್ತಿದಾರಮ್ಮ, ನಿನ್ನ ಶ ಸ ಕಟ್ಕೊಂಡು ಅವರೇನು ಮಾಡ್ತಾರೆ?" ಎಂದರು. ಆಗಸ್ಟ್ ಕೊನೆಯ ಸಭೆಯವರೆಗೆ ಗಡುವು ಕೊಟ್ಟರು.

ಜುಲೈ 6, ಶನಿವಾರ

ಮತ್ತೆ ಶ್ರವಣಯಂತ್ರದ ಅಂಗಡಿಗೆ ಹೋದೆ. ಹದಿನೇಳರಲ್ಲಿ ಒಂಬತ್ತಕ್ಕೆ ಉತ್ತರ ಸಿಕ್ಕಿತು. ಹತ್ತನೆಯದು ಪ್ರಶ್ನೆಯಲ್ಲ.

"ಮೂವತ್ತೆಂಟು ಪುಸ್ತಕದ ಓಗ್ ಅಳಿಸಿಬಿಟ್ಟೆ. ಹಲ್ಲು ಬಿದ್ದ ಪ್ರತಿ ಮಾತ್ರ ಉಳಿದಿದೆ. ಕಂಡಕ್ಟರಮ್ಮನ ಮೊದಲನೇ ಪುಸ್ತಕಾನೂ ಅದರಲ್ಲಿ ಹೋಯ್ತು. ಎಚ್ಚರ ಅಂತ ಕೆಂಪು ಶಾಯೀಲಿ ನೀವು ಬರೆದಿದ್ದು ಕಂಡಿತ್ತು. ಆದ್ರೂ ಅಳಿಸಿದೆ. ಹೇಳಿದರು, ಮಾಡಿದೆ."

ಅವರು ಕೈಯಲ್ಲಿದ್ದ ಯಂತ್ರದ ಸಣ್ಣ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಕೂಗಾಡಿದ್ದರೆ ಒಳ್ಳೆಯದಿತ್ತು.

"ಹೇಳಿದರು, ಮಾಡಿದೆ" ಎಂದರು ಕೊನೆಗೆ. ನನ್ನ ಮಾತನ್ನೇ, ಮೆಲ್ಲಗೆ.

"ಆವತ್ತೂ ಹಾಗೇ ಬರೆದೆ. ನೀವು ಎದ್ದು ನಿಂತಿದ್ದನ್ನ ನೋಡ್ತಾನೇ ಬರೆದೆ" ಎಂದೆ. ಐದು ವರ್ಷ ಇದನ್ನು ಹೇಳಲೆಂದು ಎಷ್ಟೋ ಸಲ ಬಸ್ ಸ್ಟಾಪಿನವರೆಗೆ ಬಂದು ವಾಪಸು ಹೋದದ್ದುಂಟು. ಇಂದು ಹೇಳಲು ಎರಡು ಉಸಿರು ಸಾಕಾಯಿತು.

"ಅಳಿಸಿದ ಪುಸ್ತಕಗಳ ಪಟ್ಟಿ ಬರೆದುಕೊಂಡು ಬಾ" ಎಂದರು. "ಆ ಹೊಸ ಪೆಟ್ಟಿಗೇನೂ ಒಂದು ತಾ."

ಜುಲೈ 13, ಶನಿವಾರ

ಅಣ್ಣ ಪೆಟ್ಟಿಗೆ ಬಿಚ್ಚಿದ. ನಾನು ಟಾರ್ಚು ಹಿಡಿದೆ. ಒಳಗಿರುವ ನುಡಿಸುವ ತಂತ್ರಾಂಶವೂ ತೆರೆದದ್ದೇ ಅಂತೆ, ಯಾರು ಬೇಕಾದರೂ ಓದಬಹುದು. ತಯಾರಕರು ಜಾಗ ಉಳಿಸಲು ಓಗ್ ಭಾಗವನ್ನು ಬಿಟ್ಟಿದ್ದಾರೆ, ಅಷ್ಟೆ.

"ಹಾಗಾದ್ರೆ ಪೆಟ್ಟಿಗೆಗೆ ಕಲಿಸಬಹುದಾ?"

"ಕಲಿಸಬಹುದೇನೋ. ಇದರ ಮೆದುಳು ಚಿಕ್ಕದು, ದಶಮಾಂಶದ ಲೆಕ್ಕ ಬರಲ್ಲ ಇದಕ್ಕೆ. ಆದ್ರೆ ಬರೀ ಪೂರ್ಣಾಂಕದಲ್ಲೇ ಓಗ್ ಬಿಡಿಸೋ ತಂತ್ರಾಂಶ ಯಾರೋ ಪುಣ್ಯಾತ್ಮರು ಬರೆದಿಟ್ಟಿದಾರೆ. ಇಂಥ ಬಡಪಾಯಿ ಯಂತ್ರಗಳಿಗೇ ಅಂತ. ತಯಾರಕರಿಗೆ ಕಾಗದ ಬರೀತೀನಿ."

ಮಧ್ಯಾಹ್ನವಾಯಿತು. ಅತ್ತಿಗೆ ಬಂದು, "ಊಟ ಇಲ್ಲೇ ಹಾಕ್ಲಾ, ಒಳಗೆ ಬರ್ತೀರಾ?" ಎಂದರು. ನಾನು ಇಲ್ಲೇ ಎಂದೆ, ಅವನೂ ಇಲ್ಲೇ ಎಂದ. "ಸರಿ, ಸರ್ವಾನುಮತ" ಎಂದುಬಿಟ್ಟರು ಅತ್ತಿಗೆ.

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ತಪ್ಪು ತಿಳ್ಕೋಬೇಡ. ಐದು ವರ್ಷದಿಂದ ಈ ಮನೇಲಿ ಅದೊಂದು ಬೈಗುಳ ಆಗ್ಬಿಟ್ಟಿದೆ. ಹಾಲು ಉಕ್ಕಿದ್ರೂ ಸರ್ವಾನುಮತ, ನಲ್ಲಿ ಸೋರಿದ್ರೂ ಸರ್ವಾನುಮತ" ಎಂದರು. ಮೊದಲು ನಕ್ಕದ್ದು ಅಣ್ಣ. ಅವನು ನಕ್ಕರೆ ಮೂಗಿನಲ್ಲಿ ಸದ್ದು ಬರುತ್ತದೆ. ಅದನ್ನು ಓಗ್ ಉಳಿಸುತ್ತದೋ ಎಸೆಯುತ್ತದೋ, ಪರೀಕ್ಷಿಸಬೇಕು.

ಜುಲೈ 27, ಶನಿವಾರ

ತಯಾರಕರ ಎಂಜಿನಿಯರೊಬ್ಬರು ಉತ್ತರಿಸಿದ್ದಾರೆ: ನೀವು ಸೇರಿಸಿ ಪರೀಕ್ಷಿಸಿ ತೋರಿಸಿದರೆ ನಮ್ಮ ಅಭ್ಯಂತರವಿಲ್ಲ, ಕಾರ್ಡಿನಿಂದಲೇ ಪೆಟ್ಟಿಗೆಗೆ ತುಂಬಬಹುದು.

ಮೊದಲ ಪ್ರಯತ್ನದಲ್ಲಿ ಪೆಟ್ಟಿಗೆ ಪೂರ್ತಿ ಮೂಕವಾಯಿತು. ಎರಡನೆಯದರಲ್ಲಿ "ನಮಸ್ಕಾರ" ಎಂದು ಹೇಳಿ ಆರಿತು, ಮತ್ತೆ ಹೊತ್ತಿ "ನಮಸ್ಕಾರ" ಎಂದಿತು. ನಲವತ್ತು ನಮಸ್ಕಾರವಾದ ಮೇಲೆ ಬ್ಯಾಟರಿ ಕಿತ್ತೆವು. ಮೂರನೆಯದರಲ್ಲಿ ಕಂಡಕ್ಟರಮ್ಮ ಗಟ್ಟಿಯಾಗಿ, ಹಲ್ಲು ಸಮೇತ ಓದಿದರು. ನಾನು ಅಣ್ಣನ ಬೆನ್ನಿಗೆ ಗುದ್ದಿದೆ.

ಫೋನಜ್ಜನ ಮನೆಗೆ ಒಯ್ದೆವು. ಅವರು ಎಲ್ಲವನ್ನೂ ಎರಡುಪಟ್ಟು ವೇಗದಲ್ಲಿ ಕೇಳುವವರು. "ಓಗ್ ಅಂತೆ, ಹೆಸರಿಗೆ ತಕ್ಕ ಹಾಗೆ ಓಗ್ಲಿ ನೋಡೋಣ" ಎಂದು ವೇಗದ ಗುಂಡಿ ಒತ್ತಿದರು. ಎರಡು ನಿಮಿಷ ಓಡಿ ತೊದಲತೊಡಗಿತು. ಚಿಕ್ಕ ಮೆದುಳಿಗೆ ಆ ವೇಗ ತಡೆಯದು. ಅಜ್ಜ ತಲೆಯಾಡಿಸಿ, "ನಮ್ಮಲ್ಲಿ ಅರ್ಧ ಜನ ಹೀಗೇ ಕೇಳೋದು. ಇದಾಗಲ್ಲ" ಎಂದರು.

ಬಸ್ಸಿನಲ್ಲಿ ನನ್ನ ತಲೆಯೊಳಗೆ ಒಂದೇ ಪ್ರಶ್ನೆ: ಅದು ಎರಡು ನಿಮಿಷ ಯಾಕೆ ಚೆನ್ನಾಗಿ ಓಡಿತು? ಮೊದಲೇ ತೊದಲಬೇಕಿತ್ತಲ್ಲ?

ಜುಲೈ 28, ಭಾನುವಾರ

ಬೆಳಿಗ್ಗೆಯೇ ಫೋನು ಮಾಡಿ ಆ ಪ್ರಶ್ನೆ ಕೇಳಿದೆ. ಅವನು "ಏ ಕಿವಿ, ನೀನು ಸರಿ ಕಣೇ!" ಎಂದು ಫೋನು ಕುಕ್ಕಿದ.

ಆಗಸ್ಟ್ 10, ಶನಿವಾರ

ವೇಗವಲ್ಲ ತಪ್ಪು. ನುಡಿಸಿ ಮುಗಿದ ಚೂರುಗಳನ್ನು ಪೆಟ್ಟಿಗೆ ಖಾಲಿ ಮಾಡದೆ ಒಳಗೇ ಗುಡ್ಡೆ ಹಾಕಿಕೊಳ್ಳುತ್ತಿತ್ತಂತೆ. ಅಣ್ಣ ತಿದ್ದಿದ್ದಾನೆ. ತಿದ್ದಿದ್ದನ್ನು ಆ ತಂತ್ರಾಂಶ ಬರೆದವರಿಗೂ ಕಳಿಸಿದ್ದಾನೆ, ಇನ್ನೆಲ್ಲಿಯೋ ಇರುವ ಪೆಟ್ಟಿಗೆಗೂ ಉಪಯೋಗವಾಗಲೆಂದು. ಫೋನಜ್ಜ ಮೂರು ದಿನ ಮೂರು ಪುಸ್ತಕ ಓಡಿಸಿ ಪಾಸು ಮಾಡಿದರು.

ಇಂದು ಕಂಡಕ್ಟರಮ್ಮನ ಮನೆಗೆ ಹೋಗಿದ್ದೆವು. ಅವರ ಮೊದಲ ಪುಸ್ತಕ, ಜೇನುಹುಳುಗಳ ಬಗ್ಗೆ ನೂರಿಪ್ಪತ್ತು ಪುಟದ್ದು, ನನ್ನ ಕೈಯಿಂದ ಹಾಳಾಯಿತೆಂದು ಹೇಳಬೇಕಿತ್ತು. ಅಣ್ಣ, "ನಾನು ಹೇಳ್ಲಾ?" ಎಂದ. ಬೇಡವೆಂದೆ.

ಅವರು ಹಾಳಾದ ಪ್ರತಿಯನ್ನು ಪೂರ್ತಿ ಐದು ನಿಮಿಷ ಕೇಳಿ, ಪಿಸುದನಿಯಲ್ಲಿ, "ಆಗಲೂ ನಾನೇನು ಚೆನ್ನಾಗಿ ಓದಿಲ್ಲ ಬಿಡಿ. ಮೊದಲ ಪುಸ್ತಕ, ಟಿಕೆಟ್ ಟಿಕೆಟ್ ಅನ್ನೋ ರಾಗಾನೇ ಇತ್ತು" ಎಂದರು. ಆಮೇಲೆ, "ಡಾಕ್ಟರು ದಿನಕ್ಕೆ ಇಪ್ಪತ್ತು ನಿಮಿಷ ಮಾತಾಡಬಹುದು ಅಂದಿದಾರೆ. ಮನೇಲಿ ಮಾತಾಡೋಕೆ ಯಾರಿದಾರೆ?" ಎಂದರು.

ನಾವಿಬ್ಬರೂ ಅರ್ಥವಾಗದೆ ಮುಖ ಮುಖ ನೋಡಿಕೊಂಡೆವು.

"ಪುಸ್ತಕ ತಂದಿದೀರಾ ಅಂತ ಕೇಳ್ತಿದೀನಿ" ಎಂದರು.

ಆಗಸ್ಟ್ 30, ಶುಕ್ರವಾರ

ಸಭೆ. ಏಳು ಮಂದಿ ಸದಸ್ಯರು, ನಡಾವಳಿ ಎಂದಿನಂತೆ ನನ್ನದು. ಬರೆಯುತ್ತಿದ್ದವಳು ಪೆನ್ನು ಇಟ್ಟು ಎದ್ದೆ. ಎರಡು ಪ್ರತಿಗಳನ್ನೂ ಕೇಳಿಸಿದೆ. ಪುಸ್ತಕ ಓಗ್‌ನಲ್ಲೇ ಇರಲಿ, ಪೆಟ್ಟಿಗೆಗೆ ಓಗ್ ಕಲಿಸೋಣ ಎಂದೆ.

ಮೇಲ್ವಿಚಾರಕಿ ಒಪ್ಪಲಿಲ್ಲ. "ನಾನೂರು ಪೆಟ್ಟಿಗೆಗೂ ಮನೇಲಿ ಮಾಡಿದ ತಂತ್ರಾಂಶ ತುಂಬಿ, ನಾಳೆ ಕೆಟ್ಟರೆ ಯಾರು ಹೊಣೆ? ದಾನ ಕೊಟ್ಟವರಿಗೆ ಏನು ಹೇಳೋದು? ಜನ ಇನ್ನೂ ಒಂದು ತಿಂಗಳು ಕಾಯ್ಬೇಕಾ?" ಪೊಳ್ಳು ಮಾತಲ್ಲ ಅದು. ಚರ್ಚೆ ಒಂದೂವರೆ ಗಂಟೆ ನಡೆಯಿತು. ಕೈ ಎತ್ತಿದಾಗ ನಮ್ಮ ಕಡೆ ಐದು, ಅವರ ಕಡೆ ಎರಡು.

"ಆಯ್ತು, ಸೋತೆ. ಸರ್ವಾನುಮತ ಅಂತಲೇ ಬರಿ, ಹೊರಗೆ ಒಗ್ಗಟ್ಟು ಕಾಣಲಿ" ಎಂದರು.

ಐವರು ಪರ, ಇಬ್ಬರು ವಿರೋಧ ಎಂದು ಬರೆದೆ. ಅವರ ಕಾರಣಗಳು ನಾಲ್ಕು ಸಾಲಾದವು. ಸಹಿ ಹಾಕುವ ಮುನ್ನ ಓದಿ, "ನಾನು ಇಷ್ಟು ಚೆನ್ನಾಗಿ ಮಾತಾಡಿದ್ನಾ?" ಎಂದರು. ಸಹಿ ಹಾಕಿದರು.

ಇಂದು ಬಿಸಿಲು ಜಾಸ್ತಿ.

ಸೆಪ್ಟೆಂಬರ್ 21, ಶನಿವಾರ

ಮುನ್ನೂರ ಹನ್ನೆರಡು ಪೆಟ್ಟಿಗೆ ಹೋದವು. ಆರು ವಾಪಸು ಬಂದಿವೆ: ಎರಡು ನೀರಿಗೆ ಬಿದ್ದವು, ನಾಲ್ಕು ನಮ್ಮದೇ ತಪ್ಪು. ಮೇಲ್ವಿಚಾರಕಿ ಪ್ರತಿ ವಾಪಸನ್ನೂ ನನ್ನ ಮೇಜಿನ ಮೇಲೆ ತಾವೇ ತಂದಿಟ್ಟು ಹೋಗುತ್ತಾರೆ. ಉಳಿದ ಮೂವತ್ತೇಳು ಪುಸ್ತಕಗಳಿಗೆ ಹೊಸ ಓದುಗರನ್ನು ಹುಡುಕುತ್ತಿದ್ದೇವೆ.

ಇಂದು ಕಂಡಕ್ಟರಮ್ಮನ ಮೊದಲ ದಿನ. ಫ್ಯಾನು ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಮೈಕನ್ನು ಅವರ ಬಾಯಿಗೆ ಗೇಣಿನಷ್ಟು ಹತ್ತಿರ ಇಟ್ಟ ಅಣ್ಣ. ನಾನು ಗಾಜಿನ ಈಚೆ, ಪುಸ್ತಕ ಮತ್ತು ಪೆನ್ಸಿಲು ಹಿಡಿದು. ಪಿಸುದನಿಯಲ್ಲಿ ಜಕಾರ ಹುಟ್ಟುವುದೇ ಇಲ್ಲವೆಂದು ಇಂದು ತಿಳಿಯಿತು. ಅದಕ್ಕೆ ಗಂಟಲು ಗುಂಯ್‌ಗುಡಬೇಕು. 'ಜೇನು' ಎಂದದ್ದು ನಿಜಕ್ಕೂ 'ಚೇನು' ಆಗಿತ್ತು. ಆದರೂ ನನಗೆ ಜೇನು ಎಂದೇ ಕೇಳಿಸಿತು! ಮೂರು ಸಲ ಹಿಂದಕ್ಕೆ ಹೋಗಿ ಕೇಳಿದೆ. ಗುರುತು ಹಾಕಲೋ ಬೇಡವೋ ತೋಚದೆ ಪೆನ್ಸಿಲು ಕಚ್ಚಿಕೊಂಡು ಕೂತೆ.

ಇಪ್ಪತ್ತು ನಿಮಿಷಕ್ಕೆ ನಾಲ್ಕು ಪುಟ. ಅಣ್ಣ ಓಗ್ ಮಾಡಿದ. ಅವರ ಹಳೆಯ ಗಟ್ಟಿ ದನಿಯ ಇಪ್ಪತ್ತು ನಿಮಿಷಕ್ಕಿಂತ ಇದರ ಗಾತ್ರ ಹೆಚ್ಚು ಬಂದಿತ್ತು. ಇಷ್ಟು ಮೆಲ್ಲನೆಯ ದನಿಗೆ ಅಷ್ಟೊಂದು ಜಾಗವೇ? ಎಲ್ಲೋ ತಪ್ಪಾಗಿದೆ ಎಂದೆ.

"ತಪ್ಪಿಲ್ಲ ಕಣೇ. ಗಟ್ಟಿ ದನಿಗೆ ಒಂದು ಲಯ ಇರುತ್ತೆ, ಮುಂದೇನು ಅಂತ ಗೊತ್ತಾಗುತ್ತೆ, ಚಿಕ್ಕದಾಗಿ ಬರ್ಕೊಳ್ಳುತ್ತೆ. ಪಿಸುಮಾತು ಬರೀ ಗಾಳಿ. ಇದರಲ್ಲಿ ಯಾವುದನ್ನ ಎಸೀಲಿ ಅಂತ ಅದಕ್ಕೆ ತೀರ್ಮಾನ ಆಗಲ್ಲ. ಅದಕ್ಕೇ ಹೆಚ್ಚು ಇಟ್ಕೊಳ್ಳುತ್ತೆ."

ಗಾಜಿನ ಆಚೆಯಿಂದ ಕಂಡಕ್ಟರಮ್ಮ ಬೆರಳು ಸುತ್ತಿಸಿ, ಏನು ಮಾತಾಡ್ತಿದೀರಿ ಎಂದು ಕೇಳಿದರು. ನಾನು ಒಳಗಿನ ಸ್ಪೀಕರಿನ ಗುಂಡಿ ಒತ್ತಿ, ಅಣ್ಣ ಹೇಳಿದ್ದನ್ನು ಹಾಗೇ ಹೇಳಿದೆ. ಅವರು ಬೆನ್ನು ನೆಟ್ಟಗೆ ಮಾಡಿ ಕೂತರು. ಡಾಕ್ಟರು ಕೊಟ್ಟ ಇಪ್ಪತ್ತು ನಿಮಿಷ ಮುಗಿದಿತ್ತು. ಐದನೆಯ ಪುಟ ತಿರುವಿದರು.